ಆಯಿಲ್ ಸೀಲ್ ಬದಲಿಸುವ ಮುನ್ನ: ಕ್ರ್ಯಾಂಕ್‌ಕೇಸ್ ಒತ್ತಡವನ್ನು ಪರೀಕ್ಷಿಸಿ ಸರಿಪಡಿಸುವ ಕ್ರಮ

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಎಂಜಿನ್ ಆಯಿಲ್ ಸೋರುತ್ತಿದೆ ಎಂದು ಕಾರನ್ನು ಗ್ಯಾರೇಜಿಗೆ ಒಯ್ದರೆ, ಎಲ್ಲಿ ಒದ್ದೆಯಾಗಿದೆಯೋ ಅಲ್ಲಿನ ಸೀಲನ್ನೋ ಪ್ಯಾಕಿಂಗನ್ನೋ ಬದಲಿಸಿ ಕಳುಹಿಸುವುದು ರೂಢಿ. ರಬ್ಬರ್ ವರ್ಷಗಟ್ಟಲೆ ಬಿಸಿಗೆ ಸಿಕ್ಕಿ ಗಡುಸಾಗಿ ಸೋರುವುದು ಸಹಜವಾದ ಸವಕಳಿಯಾದ್ದರಿಂದ ಅನೇಕ ಸಲ ಅಷ್ಟರಿಂದಲೇ ಕೆಲಸ ಮುಗಿಯುತ್ತದೆ. ಆದರೆ ಹೊಸ ಸೀಲ್ ಹಾಕಿಸಿದ ಕೆಲವೇ ತಿಂಗಳಲ್ಲಿ ಅದೇ ಜಾಗದಲ್ಲಿ, ಇಲ್ಲವೇ ಪಕ್ಕದ ಇನ್ನೊಂದು ಜೋಡಣೆಯಲ್ಲಿ ಆಯಿಲ್ ಮತ್ತೆ ಜಿನುಗತೊಡಗಿದರೆ, ಎಂಜಿನ್ನಿನ ಕೆಳಭಾಗವಾದ ಕ್ರ್ಯಾಂಕ್‌ಕೇಸಿನೊಳಗೆ ಇರಬಾರದಷ್ಟು ಒತ್ತಡ ಕಟ್ಟಿಕೊಂಡು ಆಯಿಲನ್ನು ಹೊರಕ್ಕೆ ದಬ್ಬುತ್ತಿದೆಯೇ ಎಂದು ಮೊದಲು ನೋಡಬೇಕು. ಗೇರ್‌ಬಾಕ್ಸ್ ಇಳಿಸಿ ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ಮುಖ್ಯ ಶಾಫ್ಟಿನ ಹಿಂತುದಿಯ ಸೀಲ್) ಬದಲಿಸುವುದು ಒಂದಿಡೀ ದಿನದ ಕೂಲಿ ಬೇಡುವ ಕೆಲಸ. ಒತ್ತಡದ ಪರೀಕ್ಷೆಗೆ ಬೇಕಾಗುವುದು ಅರ್ಧ ಗಂಟೆ ಮತ್ತು ಒಂದು ತುಂಡು ಪಾರದರ್ಶಕ ಪೈಪು. ಈ ಅರ್ಧ ಗಂಟೆಯ ಕೆಲಸವನ್ನು ಬಿಟ್ಟು ನೇರವಾಗಿ ಸೀಲಿಗೆ ಕೈ ಹಾಕುವುದು ವಾಹನದ ಮಾಲೀಕನಿಗೆ ಮಾಡುವ ಅನ್ಯಾಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒತ್ತಡ ಎಲ್ಲಿಂದ ಬರುತ್ತದೆ

ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವಿನ ಸಂದಿಯನ್ನು ಮುಚ್ಚುವ ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ದಹನದ ಅನಿಲದ ಒಂದು ಸಣ್ಣ ಪಾಲು ರಿಂಗಿನ ಸಂದಿಯಿಂದ ಕೆಳಕ್ಕೆ ಇಳಿದೇ ಇಳಿಯುತ್ತದೆ. ಗ್ಯಾರೇಜುಗಳಲ್ಲಿ ಬ್ಯಾಕ್ ಕಂಪ್ರೆಷನ್ ಎನ್ನುವುದು ಇದನ್ನೇ. ಈ ಅನಿಲದಲ್ಲಿ ಸುಡದೆ ಉಳಿದ ಇಂಧನ, ಹೊಗೆಯ ಕಣ, ಆಮ್ಲದ ಅಂಶ ಮತ್ತು ನೀರಾವಿ ಇರುತ್ತವೆ. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಅದರಲ್ಲಿ ಅಲ್ಪ ಭಾಗ ಕೆಳಗಿಳಿದರೂ ಆಯಿಲ್ ಎಷ್ಟು ಬೇಗ ಕೆಡಬಹುದು ಎಂಬುದು ಅರ್ಥವಾಗುತ್ತದೆ. ಹಳೆಯ ಕಾಲದ ಕಾರುಗಳಲ್ಲಿ ಈ ಅನಿಲವನ್ನು ಒಂದು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. 1960ರ ದಶಕದ ಆರಂಭದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾಯುಮಾಲಿನ್ಯದ ಚಿಂತೆ ಹೆಚ್ಚಾದಾಗ, ಅದನ್ನು ಹೊರಗೆ ಬಿಡದೆ ಮತ್ತೆ ಎಂಜಿನ್ನಿಗೇ ಎಳೆದುಕೊಂಡು ಸುಡುವ ವ್ಯವಸ್ಥೆ ಹೊಸ ಕಾರುಗಳಲ್ಲಿ ಬಂದಿತು. ಇಂದಿನ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವಾಲ್ವ್ ಅದರದೇ ಮುಂದುವರಿಕೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಈ ವಾಲ್ವ್ ಟ್ಯಾಪೆಟ್ ಕವರಿಗೂ (ಎಂಜಿನ್ನಿನ ತಲೆಯ ಮೇಲಿನ ಮುಚ್ಚಳ) ಇನ್‌ಟೇಕ್ ಮ್ಯಾನಿಫೋಲ್ಡಿಗೂ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ನಡುವೆ ಕುಳಿತಿರುತ್ತದೆ. ಒಳಗೆ ಒಂದು ಸ್ಪ್ರಿಂಗು, ಒಂದು ಸಣ್ಣ ಪಿನ್ನು. ಎಂಜಿನ್ ಐಡಲಿನಲ್ಲಿದ್ದಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುತ್ತಿರುವಾಗ, ಮ್ಯಾನಿಫೋಲ್ಡಿನ ಎಳೆತ ಜೋರಾಗಿರುವುದರಿಂದ ಪಿನ್ನು ಎಳೆಯಲ್ಪಟ್ಟು ದಾರಿ ಕಿರಿದಾಗುತ್ತದೆ. ರಸ್ತೆಯಲ್ಲಿ ಸಮವೇಗದಲ್ಲಿ ಸಾಗುವಾಗ ಎಳೆತ ತಗ್ಗಿ ದಾರಿ ಅಗಲವಾಗುತ್ತದೆ. ಮ್ಯಾನಿಫೋಲ್ಡಿನಲ್ಲಿ ಬ್ಯಾಕ್‌ಫೈರ್ ಆದರೆ, ಅಂದರೆ ಬೆಂಕಿ ಹಿಮ್ಮುಖವಾಗಿ ಸಿಡಿದರೆ, ಬೆಂಕಿ ಒಳಗೆ ಹೋಗದಂತೆ ಪೂರ್ತಿ ಮುಚ್ಚಿಕೊಳ್ಳುತ್ತದೆ. ಏರ್ ಫಿಲ್ಟರಿನ ಕಡೆಯಿಂದ ಬರುವ ಇನ್ನೊಂದು ಬ್ರೀದರ್ ಪೈಪು ಶುದ್ಧ ಗಾಳಿಯನ್ನು ಒಳಗೆ ಬಿಡುತ್ತದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಎಳೆತವೇ ಇಲ್ಲವಾಗಿ, ಹೆಚ್ಚಾದ ಅನಿಲ ಇದೇ ಪೈಪಿನಲ್ಲಿ ಹಿಮ್ಮುಖವಾಗಿ ಹರಿದು ಏರ್ ಫಿಲ್ಟರಿನ ಬಳಿ ಸೇರುತ್ತದೆ. ಆದ್ದರಿಂದ ಎರಡೂ ಪೈಪುಗಳು ಸ್ವಚ್ಛವಾಗಿರಬೇಕು. ಒಂದನ್ನಷ್ಟೇ ನೋಡಿ ಸುಮ್ಮನಾಗಬಾರದು. ಡೀಸೆಲ್ ಎಂಜಿನ್ನಿನಲ್ಲಿ ಅಂಥ ಎಳೆತ ಸಿಗುವುದಿಲ್ಲವಾದ್ದರಿಂದ, ಆಯಿಲಿನ ಹನಿಗಳನ್ನು ಬೇರ್ಪಡಿಸುವ ಒಂದು ಕೋಣೆಯ ಮೂಲಕ ಅನಿಲವನ್ನು ಟರ್ಬೊ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಗಾಳಿ ಎಳೆದುಕೊಳ್ಳುವ ಬಾಯಿಗೆ ಸೇರಿಸುತ್ತಾರೆ, ಮತ್ತು ಹಲವು ಎಂಜಿನ್ನುಗಳಲ್ಲಿ ಎಳೆತವನ್ನು ಹತೋಟಿಯಲ್ಲಿಡಲು ರಬ್ಬರಿನ ಒಂದು ಡಯಾಫ್ರಮ್ ಇರುತ್ತದೆ.

ಹೀಗಿರುವಾಗ ಒತ್ತಡ ಹೆಚ್ಚಲು ಇರುವ ಮುಖ್ಯ ಕಾರಣಗಳು ಎರಡು: ಹೊರಹೋಗುವ ದಾರಿ ಕಟ್ಟಿಕೊಂಡಿರುವುದು, ಇಲ್ಲವೇ ಆ ದಾರಿ ಹೊರಲಾರದಷ್ಟು ಅನಿಲ ಕೆಳಗೆ ಇಳಿಯುತ್ತಿರುವುದು. ಮೊದಲನೆಯದು ಕೆಲವು ನೂರು ರೂಪಾಯಿಯ ವಾಲ್ವಿನಲ್ಲಿ ಬಗೆಹರಿಯಬಹುದು. ಎರಡನೆಯದು ಎಂಜಿನ್ ಬಿಚ್ಚುವ ಮಾತು. ಎರಡನ್ನೂ ಬೇರ್ಪಡಿಸಿ ಗುರುತಿಸುವುದೇ ಮುಂದಿನ ಪರೀಕ್ಷೆಗಳ ಉದ್ದೇಶ.

ನಮ್ಮ ಜಿಲ್ಲೆಯ ಬಳಕೆಯಲ್ಲಿ ಎರಡಕ್ಕೂ ಅವಕಾಶ ಹೆಚ್ಚು. ತೋಟದಿಂದ ಡೇರಿಗೆ, ಹಳ್ಳಿಯಿಂದ ರೇಷ್ಮೆಗೂಡಿನ ಮಾರುಕಟ್ಟೆಗೆ ಎಂದು ಎರಡು ಮೂರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಆಯಿಲ್ ಪೂರ್ತಿ ಕಾಯುವುದೇ ಇಲ್ಲ. ನಂದಿಬೆಟ್ಟದ ಸುತ್ತಮುತ್ತ ಮಂಜು ಕವಿಯುವ ಚಳಿಗಾಲದ ಬೆಳಗಿನಲ್ಲಿ ಒಳಗಿನ ನೀರಾವಿ ತಣ್ಣಗಿನ ಟ್ಯಾಪೆಟ್ ಕವರಿಗೆ ತಾಗಿ ನೀರಾಗಿ, ಆಯಿಲಿನೊಂದಿಗೆ ಕಲೆತು, ಆಯಿಲ್ ಮುಚ್ಚಳದ ಒಳಮೈಯಲ್ಲಿ ಕೆನೆಬಣ್ಣದ ಜಿಡ್ಡಾಗಿ ಕೂರುತ್ತದೆ. ಅದೇ ಜಿಡ್ಡು ಪಿಸಿವಿ ವಾಲ್ವಿನ ಕಿರಿದಾದ ದಾರಿಯನ್ನೂ ಮುಚ್ಚುತ್ತದೆ. ಇನ್ನು ಕಲ್ಲುಕ್ವಾರಿ, ಕ್ರಷರುಗಳ ದಾರಿಯಲ್ಲಿ ದಿನವೂ ಓಡಾಡುವ ವಾಹನಗಳದ್ದು ಬೇರೆಯೇ ಕಥೆ: ಗ್ರಾನೈಟಿನ ಧೂಳಿನಲ್ಲಿರುವ ಸ್ಫಟಿಕದ ಕಣ ಎರಕದ ಕಬ್ಬಿಣಕ್ಕಿಂತ ಗಟ್ಟಿ, ಆದ್ದರಿಂದ ಏರ್ ಫಿಲ್ಟರಿನಾಚೆಗೆ ಅದು ದಾಟಿತೆಂದರೆ ರಿಂಗನ್ನೂ ಬೋರನ್ನೂ (ಸಿಲಿಂಡರಿನ ಒಳಮೈ) ತೇಯ್ದು ಹಾಕುತ್ತದೆ. ಫಿಲ್ಟರಿನ ನಂತರದ ದಪ್ಪ ರಬ್ಬರ್ ಪೈಪನ್ನು ಬಿಚ್ಚಿ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆಯ ಪುಡಿ ಹತ್ತಿದರೆ ಎಲ್ಲೋ ಬಿರುಕಿದೆ, ಅಥವಾ ಕಂಪ್ರೆಸರ್ ಗಾಳಿಯನ್ನು ಹತ್ತಿರದಿಂದ ಊದಿ ಕಾಗದದ ಫಿಲ್ಟರನ್ನು ತೂತು ಮಾಡಿದ್ದಾರೆ.

ಸೋರಿಕೆಯ ಮೂಲವನ್ನು ಗುರುತಿಸುವುದು

ಒದ್ದೆ ಕಂಡ ಜಾಗವೇ ಸೋರಿದ ಜಾಗವಲ್ಲ. ಆಯಿಲ್ ಮೇಲಿಂದ ಕೆಳಗಿಳಿಯುತ್ತದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಹರಡುತ್ತದೆ. ಟ್ಯಾಪೆಟ್ ಕವರಿನ ಹಿಂಭಾಗದಿಂದ ಜಿನುಗಿದ ಆಯಿಲ್ ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡು ಇಳಿದು, ಗೇರ್‌ಬಾಕ್ಸ್ ಕೂಡುವಲ್ಲಿ ಹನಿಯಾಗಿ ಬಿದ್ದಾಗ, ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ ಎಂದು ಗೇರ್‌ಬಾಕ್ಸ್ ಇಳಿಸಿಬಿಡುವುದು ಅಪರೂಪವೇನಲ್ಲ. ಆದ್ದರಿಂದ ಮೊದಲು ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಹಾಕಿ ಬ್ರಷ್ಷಿನಿಂದ ಉಜ್ಜಿ, ಆಲ್ಟರ್ನೇಟರಿಗೂ ವೈರಿಂಗ್ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಕವರ್ ಕಟ್ಟಿ, ಕಡಿಮೆ ನೀರಿನಲ್ಲಿ ತೊಳೆದು ಒಣಗಿಸಬೇಕು. ಅನುಮಾನವಿರುವ ಜೋಡಣೆಗಳ ಸುತ್ತ ಸಾಮಾನ್ಯ ಟಾಲ್ಕಂ ಪೌಡರನ್ನು ತೆಳುವಾಗಿ ಉದುರಿಸಿ, ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿದರೆ, ಬಿಳಿ ಪುಡಿಯ ಮೇಲೆ ಅತಿ ಎತ್ತರದಲ್ಲಿ ಕಾಣುವ ಕಂದು ಗೆರೆಯೇ ಮೂಲ. ಗಂಧಕದ ಘಾಟು ವಾಸನೆಯಿದ್ದರೆ ಅದು ಗೇರ್ ಆಯಿಲ್ ಇರಬಹುದು, ಎಂಜಿನ್ ಆಯಿಲಲ್ಲ.

ಒಂದೇ ಜಾಗ ಸೋರುತ್ತಿದ್ದು ಬೇರೆಲ್ಲ ಒಣಗಿದ್ದರೆ ಆ ಸೀಲಿನದೇ ದೋಷವಿರುವ ಸಂಭವ ಹೆಚ್ಚು. ಟ್ಯಾಪೆಟ್ ಕವರ್, ಮುಂದಿನ ಕ್ರ್ಯಾಂಕ್ ಸೀಲ್, ಚೇಂಬರ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಪ್ಯಾಕಿಂಗ್ ಎಂದು ಮೂರು ನಾಲ್ಕು ಕಡೆ ಒಟ್ಟಿಗೇ ಜಿನುಗುತ್ತಿದ್ದರೆ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ತಾನಾಗಿಯೇ ಮೇಲೆದ್ದು ಅದರ ಸುತ್ತ ಆಯಿಲ್ ಚಿಮ್ಮಿದ್ದರೆ, ಏರ್ ಫಿಲ್ಟರಿನ ಡಬ್ಬಿಯಲ್ಲಿ ಆಯಿಲ್ ನಿಂತಿದ್ದರೆ, ಒತ್ತಡದ ಕಡೆಗೆ ಬೊಟ್ಟು ಮಾಡಬೇಕು. ಇವೆಲ್ಲಕ್ಕೂ ಮುಂಚೆ ಆಯಿಲ್ ಮಟ್ಟವನ್ನು ನೋಡುವುದನ್ನು ಮರೆಯಬಾರದು: ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ಹತ್ತು ನಿಮಿಷ ಬಿಟ್ಟು ನೋಡಿದಾಗ ಮೇಲಿನ ಗೆರೆಯನ್ನು ದಾಟಿದ್ದರೆ, ಕ್ರ್ಯಾಂಕ್ ಅದನ್ನು ಕಡೆದು ನೊರೆಯಾಗಿಸಿ ಬ್ರೀದರಿನೊಳಗೆ ಎಸೆಯುತ್ತಿರುತ್ತದೆ. ಡಬ್ಬಿಯಲ್ಲಿ ಉಳಿದದ್ದನ್ನೂ ಸುರಿದುಬಿಡುವ ಅಭ್ಯಾಸದಿಂದ ಆಗುವ ತೊಂದರೆ ಇದು.

ಒತ್ತಡವನ್ನು ಅಳೆಯುವುದು

ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲಿಗೆ ಹಾಕಿ, ಶಲ್ಯ, ಪಂಚೆ, ಸಡಿಲ ತೋಳು ಯಾವುದೂ ಬೆಲ್ಟಿನ ಹತ್ತಿರ ಸುಳಿಯದಂತೆ ನೋಡಿಕೊಂಡು ಕೆಲಸಕ್ಕೆ ತೊಡಗಬೇಕು. ರೇಡಿಯೇಟರ್ ಫ್ಯಾನು ಹೇಳದೆ ಕೇಳದೆ ತಿರುಗತೊಡಗುತ್ತದೆ ಎಂಬ ಎಚ್ಚರ ಸದಾ ಇರಲಿ.

ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡಲಿನಲ್ಲಿ ಬಿಟ್ಟು ಆಯಿಲ್ ಮುಚ್ಚಳವನ್ನು ನಿಧಾನವಾಗಿ ತೆಗೆದು, ಬಾಯಿಯ ಮೇಲೆ ತೆಳುವಾದ ಕಾಗದವನ್ನು ಅಡ್ಡ ಇಡಿ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಆ ಕಾಗದವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುತ್ತದೆ, ಅಥವಾ ಕಾಗದ ಅಲುಗದೆ ಉಳಿಯುತ್ತದೆ. ಕಾಗದ ಹಾರಿಹೋಗಿ ಹೊಗೆ ಬುಸುಬುಸು ಎಂದು ಬಂದರೆ ಒತ್ತಡವಿದೆ. ಮುಚ್ಚಳವನ್ನು ಎತ್ತಲೇ ಆಗದಷ್ಟು ಎಳೆತವಿದ್ದು, ಎಲ್ಲಿಂದಲೋ ಸಿಳ್ಳೆಯಂಥ ಸದ್ದು ಕೇಳುತ್ತಿದ್ದು, ಮುಚ್ಚಳ ತೆಗೆದ ಕೂಡಲೇ ಸದ್ದು ನಿಂತರೆ, ಡಯಾಫ್ರಮ್ ಇರುವ ಎಂಜಿನ್ನಿನಲ್ಲಿ ಅದು ಹರಿದಿರಬಹುದು. ಅತಿಯಾದ ಎಳೆತವೂ ಕೆಟ್ಟದ್ದೇ: ಅದು ಸೀಲಿನ ತುಟಿಯನ್ನು ಒಳಕ್ಕೆ ಎಳೆದು ಧೂಳಿನ ಗಾಳಿಯನ್ನು ಸೇರಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಸ್ವಲ್ಪ ಹೊಗೆ ಆಡುವುದು ಸಾಮಾನ್ಯವಾದ್ದರಿಂದ ಅಷ್ಟನ್ನೇ ನೋಡಿ ಎಂಜಿನ್ ಹೋಯಿತೆಂದು ತೀರ್ಪು ಕೊಡುವುದು ಸಲ್ಲದು.

ಕಾಗದ ದಿಕ್ಕನ್ನಷ್ಟೇ ತಿಳಿಸುತ್ತದೆ. ಪ್ರಮಾಣ ತಿಳಿಯಬೇಕಾದರೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಲೆವೆಲ್ ಪೈಪನ್ನು ಹಾರ್ಡ್‌ವೇರ್ ಅಂಗಡಿಯಿಂದ ಮೂರು ಮೀಟರಿನಷ್ಟು ತನ್ನಿ. ಅರ್ಧ ಮೀಟರ್ ಎತ್ತರದ ಹಲಗೆಗೆ ಅದನ್ನು ಯು ಆಕಾರದಲ್ಲಿ ಕಟ್ಟಿ, ಎರಡೂ ತೋಳು ಅರ್ಧ ತುಂಬುವಂತೆ ಶಾಯಿ ಬೆರೆಸಿದ ನೀರು ಹಾಕಿ, ಪಕ್ಕಕ್ಕೆ ಒಂದು ಸ್ಕೇಲನ್ನು ಅಂಟಿಸಿ. ಒಂದು ತುದಿ ತೆರೆದಿರಲಿ. ಇನ್ನೊಂದು ತುದಿಯನ್ನು, ನಡುವೆ ಗಾಳಿಯಾಡದಂತೆ ಬಿಗಿದ ಒಂದು ಖಾಲಿ ಬಾಟಲಿಯ ಮೂಲಕ ಹಾಯಿಸಿ ಎಂಜಿನ್ನಿಗೆ ಜೋಡಿಸಬೇಕು. ಎಳೆತ ಹೆಚ್ಚಿದ್ದರೆ ನೀರು ಎಂಜಿನ್ನಿನೊಳಗೆ ಹೋಗದೆ ಆ ಬಾಟಲಿಯಲ್ಲಿ ಉಳಿಯಲಿ ಎಂಬುದು ಇದರ ಉದ್ದೇಶ, ಆದ್ದರಿಂದ ಈ ಬಾಟಲಿಯನ್ನು ಬಿಡಬೇಡಿ. ಜೋಡಿಸಲು ಹಳೆಯ ಆಯಿಲ್ ಮುಚ್ಚಳವೊಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸಿಕೊಳ್ಳುವುದು ಉತ್ತಮ. ಡಿಪ್‌ಸ್ಟಿಕ್ ಕೊಳವೆಗೂ ಸಿಕ್ಕಿಸಬಹುದು, ಆದರೆ ಕೆಲವು ಎಂಜಿನ್ನುಗಳಲ್ಲಿ ಆ ಕೊಳವೆಯ ಕೆಳತುದಿ ಆಯಿಲಿನಲ್ಲಿ ಮುಳುಗಿರುವುದರಿಂದ ಅಳತೆ ತಪ್ಪುತ್ತದೆ.

ಎಂಜಿನ್ ಐಡಲಿನಲ್ಲಿರುವಾಗ ಎರಡು ತೋಳುಗಳ ನೀರಿನ ಎತ್ತರದಲ್ಲಿ ಇರುವ ವ್ಯತ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಎಂಜಿನ್ ಕಡೆಯ ತೋಳಿನಲ್ಲಿ ನೀರು ಏರಿದರೆ ಒಳಗೆ ಎಳೆತವಿದೆ, ಇಳಿದರೆ ಒತ್ತಡವಿದೆ. 100 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು 10 ಮಿಲಿಬಾರ್. ಪಿಸಿವಿ ಸರಿಯಿರುವ ಸಾಮಾನ್ಯ ಪೆಟ್ರೋಲ್ ಎಂಜಿನ್ನಿನಲ್ಲಿ ಐಡಲಿನಲ್ಲಿ ಕೆಲವು ಹತ್ತು ಮಿಲಿಮೀಟರ್ ಎಳೆತ ಕಾಣುತ್ತದೆ. ಕೆಲವು ಜರ್ಮನ್ ಕಾರುಗಳಲ್ಲಿ 100ರಿಂದ 150 ಮಿ.ಮೀ. ಎಳೆತವೂ ಸಹಜವೇ. ನಂತರ ಒಬ್ಬರು ಆಕ್ಸಿಲರೇಟರನ್ನು 2500 ಆರ್‌ಪಿಎಮ್‌ನಲ್ಲಿ ಹಿಡಿದಿರಲಿ. ನೀರು ಒತ್ತಡದ ಕಡೆಗೆ ತಿರುಗಿ, ವೇಗ ಏರಿದಂತೆಲ್ಲ ಹೆಚ್ಚುತ್ತಾ ಹೋದರೆ ದೋಷ ಖಚಿತ. ಡೀಸೆಲ್‌ನಲ್ಲಿ ಅದೇ ಮಾದರಿಯ ಚೆನ್ನಾಗಿರುವ ಇನ್ನೊಂದು ವಾಹನದ ಅಳತೆಯೊಂದಿಗೆ ಹೋಲಿಸುವುದೇ ನಂಬಬಹುದಾದ ದಾರಿ, ಮತ್ತು ನಾಲ್ಕು ಜನ ಡೀಸೆಲ್ ವಾಹನ ತರುವ ಯಾವುದೇ ಗ್ಯಾರೇಜು ಇಂಥ ಅಳತೆಗಳ ಒಂದು ಪುಸ್ತಕವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಯಾವ ಕಾರಣಕ್ಕೂ ಸೋರಿಕೆ ಹುಡುಕಲೆಂದು ಕಂಪ್ರೆಸರಿನ ಗಾಳಿಯನ್ನು ನೇರವಾಗಿ ಕ್ರ್ಯಾಂಕ್‌ಕೇಸಿಗೆ ಬಿಡಬಾರದು. ಚೆನ್ನಾಗಿದ್ದ ಸೀಲೂ ಕಿತ್ತುಬರುತ್ತದೆ.

ದಾರಿಯನ್ನು ತೆರವುಗೊಳಿಸುವುದು

ಪಿಸಿವಿ ವಾಲ್ವನ್ನು ಬಿಚ್ಚಿ ಅಲುಗಾಡಿಸಿದರೆ ಪಿನ್ನು ಕಟಕಟ ಎನ್ನಬೇಕು. ಆದರೆ ಸದ್ದು ಬಂದಿತೆಂದ ಮಾತ್ರಕ್ಕೆ ಅದು ಸರಿಯಿದೆ ಎನ್ನುವಂತಿಲ್ಲ, ಏಕೆಂದರೆ ಸ್ಪ್ರಿಂಗ್ ಸೋತಿದ್ದರೂ ಸದ್ದು ಬರುತ್ತದೆ. ತುಂಡು ಪೈಪು ಹಾಕಿ ಊದಿ ನೋಡಿ: ಟ್ಯಾಪೆಟ್ ಕವರಿನ ಕಡೆಯಿಂದ ಗಾಳಿ ಸಾಗಬೇಕು, ಮ್ಯಾನಿಫೋಲ್ಡಿನ ಕಡೆಯಿಂದ ಸಾಗಬಾರದು. ಉಸಿರನ್ನು ಹೊರಕ್ಕೆ ಬಿಡಿ, ಒಳಕ್ಕೆ ಮಾತ್ರ ಎಳೆದುಕೊಳ್ಳಬೇಡಿ. ಎಂಜಿನ್ ಐಡಲಿನಲ್ಲಿರುವಾಗ ಮ್ಯಾನಿಫೋಲ್ಡಿಗೆ ಜೋಡಿಸಿಯೇ ಇರುವ ವಾಲ್ವಿನ ತೆರೆದ ಬಾಯಿಗೆ ಬೆರಳಿಟ್ಟರೆ ಗಟ್ಟಿಯಾದ ಎಳೆತ ಅನುಭವಕ್ಕೆ ಬರಬೇಕು. ಎಳೆತವೇ ಇಲ್ಲವಾದರೆ ಪೈಪು ಅಥವಾ ಮ್ಯಾನಿಫೋಲ್ಡಿನ ತೂತು ಕಟ್ಟಿದೆ. ತೆಳುವಾದ ತಂತಿಯಿಂದ ಮಸಿಯನ್ನು ಹೊರಕ್ಕೆ ತೆಗೆಯಬೇಕು, ಒಳಕ್ಕೆ ನೂಕಬಾರದು. ಕಾರ್ಬ್ಯುರೇಟರ್ ಕ್ಲೀನರ್ ಹಾಕಿ ವಾಲ್ವನ್ನು ತೊಳೆಯುವುದು ತಾತ್ಕಾಲಿಕ ಉಪಾಯ. ಬೆಲೆ ಕಡಿಮೆಯಾದ್ದರಿಂದ ಆಯಾ ಎಂಜಿನ್ನಿನದೇ ಪಾರ್ಟ್ ನಂಬರಿನ ಹೊಸ ವಾಲ್ವ್ ಹಾಕುವುದೇ ಸರಿ. ನೋಡಲು ಒಂದೇ ತೆರನಾಗಿದ್ದರೂ ಒಳಗಿನ ಸ್ಪ್ರಿಂಗಿನ ಬಲ ಬೇರೆಯಿರುತ್ತದೆ.

ಬ್ರೀದರ್ ಪೈಪುಗಳನ್ನು ಬಿಚ್ಚಿ ಬಗ್ಗಿಸಿ ನೋಡಿ. ಬಿರುಕು ಬಿಟ್ಟಿರಬಹುದು, ಒಳಪದರ ಉಬ್ಬಿ ದಾರಿ ಮುಚ್ಚಿರಬಹುದು. ಹುಳು ಸಾಕುವ ಮನೆ, ದನದ ಕೊಟ್ಟಿಗೆಗಳ ಪಕ್ಕ ನಿಲ್ಲುವ ಕಾರುಗಳಲ್ಲಿ ಇಲಿ ಕಡಿದ ಪೈಪು ತೀರಾ ಸಾಮಾನ್ಯ, ಮತ್ತು ಆ ತೂತಿನಿಂದ ಸೋಸದ ಧೂಳಿನ ಗಾಳಿ ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಬದಲಿಸುವಾಗ ಆಯಿಲ್ ತಡೆಯುವ ರಬ್ಬರಿನ ಪೈಪನ್ನೇ ಹಾಕಬೇಕು. ನೀರಿನ ಪೈಪು ಆಯಿಲಿನ ಆವಿಗೆ ಮೆತ್ತಗಾಗಿ ಒಳಕ್ಕೆ ಕುಸಿದು, ಇದ್ದ ದಾರಿಯೂ ಮುಚ್ಚಿಹೋಗುತ್ತದೆ.

ಹಳೆಯ ಜೀಪು, ಪಿಕಪ್‌ಗಳಲ್ಲಿ ಬ್ರೀದರ್ ಪೈಪನ್ನು ಏರ್ ಫಿಲ್ಟರಿನಿಂದ ಕಿತ್ತು ನೆಲದ ಕಡೆಗೆ ಇಳಿಬಿಡುವ ಪರಿಪಾಠ ನಮ್ಮಲ್ಲಿ ಬಹಳ ಇದೆ. ಒತ್ತಡವೇನೋ ಇಳಿಯುತ್ತದೆ. ಆದರೆ ಒಳಗಿನ ಆವಿಯನ್ನು ಎಳೆದು ತೆಗೆಯುವ ಶಕ್ತಿ ಇಲ್ಲವಾಗಿ ಆಯಿಲ್ ಬೇಗ ಕೆಸರಾಗುತ್ತದೆ, ತೆರೆದ ಬಾಯಿಯಿಂದ ಧೂಳು ಸೇರುತ್ತದೆ, ರಸ್ತೆಯ ಮೇಲೆ ಆಯಿಲ್ ಬಿದ್ದು ಹಿಂದೆ ಬರುವ ಬೈಕಿನವರಿಗೆ ಅಪಾಯವಾಗುತ್ತದೆ. ಪೆಟ್ರೋಲ್ ಕಾರುಗಳಲ್ಲಂತೂ ಈ ಅನಿಲವನ್ನು ಹೊರಗೆ ಬಿಡಲು ಮಾಲಿನ್ಯ ನಿಯಮಗಳು ಒಪ್ಪುವುದಿಲ್ಲ. ಆಯಿಲ್ ಹಿಡಿಯುವ ಕ್ಯಾಚ್ ಕ್ಯಾನ್ ಹಾಕಿಸುವವರು ಅದು ಒತ್ತಡವನ್ನು ಇಳಿಸುವ ಸಾಧನವಲ್ಲ ಎಂಬುದನ್ನು ತಿಳಿದಿರಬೇಕು. ಸಣ್ಣ ಬಾಯಿಯ ಕ್ಯಾನ್ ಒತ್ತಡವನ್ನು ಹೆಚ್ಚಿಸಲೂಬಹುದು.

ದಾರಿ ಸರಿಯಿದ್ದೂ ಒತ್ತಡ ಉಳಿದರೆ

ಆಗ ಕಂಪ್ರೆಷನ್ ಪರೀಕ್ಷೆ ಮಾಡಲೇಬೇಕು, ಅಂದರೆ ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಬರುತ್ತದೆ ಎಂದು ಗೇಜಿನಲ್ಲಿ ನೋಡಬೇಕು. ಎಂಜಿನ್ ಕಾದಿರಬೇಕು, ಇಂಧನ ಮತ್ತು ಇಗ್ನಿಷನ್ ಕಡಿತಗೊಂಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು, ಬ್ಯಾಟರಿ ಗಟ್ಟಿಯಾಗಿರಬೇಕು. ಹೆಚ್ಚಿನ ಪೆಟ್ರೋಲ್ ಎಂಜಿನ್ನುಗಳಲ್ಲಿ 11ರಿಂದ 14 ಬಾರ್ ಬರುತ್ತದೆ, ಆದರೆ ಅಂಕಿಗಿಂತ ಸಿಲಿಂಡರುಗಳ ನಡುವಣ ವ್ಯತ್ಯಾಸ ಮುಖ್ಯ: ಅದು ಶೇಕಡಾ 10ರಿಂದ 15ನ್ನು ದಾಟಬಾರದು. ಕಡಿಮೆ ಬಂದ ಪೆಟ್ರೋಲ್ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದಾಗ ಅಂಕಿ ಏರಿದರೆ ರಿಂಗು ಅಥವಾ ಬೋರು ಸವೆದಿದೆ. ಏರದಿದ್ದರೆ ಸಿಲಿಂಡರಿನ ಗಾಳಿಯ ದಾರಿ ತೆರೆದು ಮುಚ್ಚುವ ವಾಲ್ವುಗಳ ಕಡೆ (ಪಿಸಿವಿ ವಾಲ್ವ್ ಅಲ್ಲ) ನೋಡಬೇಕು. ಸಿಲಿಂಡರಿಗೆ ಗಾಳಿ ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುವ ಲೀಕ್‌ಡೌನ್ ಪರೀಕ್ಷೆಯ ಉಪಕರಣವಿದ್ದರೆ ಇನ್ನೂ ಸ್ಪಷ್ಟವಾಗುತ್ತದೆ. ಗಾಳಿಯ ಸುಯ್ಯೆನ್ನುವ ಸದ್ದು ಆಯಿಲ್ ಹಾಕುವ ಬಾಯಲ್ಲಿ ಕೇಳಿದರೆ ರಿಂಗು, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವು, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ರಿಂಗು ಸವೆದಿರುವುದು ಬೇರೆ, ಮಸಿ ಕಟ್ಟಿ ಅಂಟಿಕೊಂಡಿರುವುದು ಬೇರೆ. ಆಯಿಲ್ ಬದಲಿಸುವುದನ್ನು ಬಹಳ ಮುಂದೂಡಿದ ಎಂಜಿನ್ನಿನಲ್ಲಿ ಎರಡನೆಯದರ ಸಾಧ್ಯತೆ ಹೆಚ್ಚು. ಕಂಪನಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ, ಎರಡು ಮೂರು ಬಾರಿ ಅರ್ಧ ಅವಧಿಗೇ ಫಿಲ್ಟರ್ ಸಹಿತ ಬದಲಿಸಿ, ನಡುವೆ ಹೆದ್ದಾರಿಯಲ್ಲಿ ಎಂಜಿನ್ ಚೆನ್ನಾಗಿ ಕಾಯುವಂತೆ ಓಡಿಸಿದರೆ ಕೆಲವೊಮ್ಮೆ ರಿಂಗು ಬಿಡಿಸಿಕೊಳ್ಳುತ್ತದೆ. ಕೆಸರು ಕಟ್ಟಿದ ಹಳೆಯ ಎಂಜಿನ್ನಿಗೆ ಒಳಗಿನ ಕೆಸರನ್ನು ಕರಗಿಸುವ ತೀಕ್ಷ್ಣವಾದ ಫ್ಲಶ್ ದ್ರಾವಣ ಹಾಕುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆಲೇ ಕಳಚಿದ ಕೆಸರು ಚೇಂಬರಿನ ಜಾಲರಿಯನ್ನು ಮುಚ್ಚಿದರೆ ಬೇರಿಂಗುಗಳಿಗೆ ಆಯಿಲ್ ಸಿಗದೆ ಇಡೀ ಎಂಜಿನ್ ಹೋಗುತ್ತದೆ.

ಟರ್ಬೊ ಇರುವ ಡೀಸೆಲ್ ವಾಹನದವರು ಇನ್ನೊಂದು ಮಾತನ್ನು ಗಮನಿಸಬೇಕು. ಟರ್ಬೊದಿಂದ ಆಯಿಲ್ ತನ್ನ ಭಾರದಿಂದಲೇ ಚೇಂಬರಿಗೆ ಇಳಿಯುತ್ತದೆ. ಅಲ್ಲಿ ಒತ್ತಡವಿದ್ದರೆ ಇಳಿಯಲಾಗದೆ ಟರ್ಬೊ ಸೀಲನ್ನು ದಾಟಿ ಗಾಳಿಯ ಪೈಪಿಗೆ ಹೋಗುತ್ತದೆ. ಟರ್ಬೊ ಆಯಿಲ್ ಹೊಡೆಯುತ್ತಿದೆ ಎಂದು ಸಾವಿರಾರು ರೂಪಾಯಿ ಸುರಿದು ಬದಲಿಸಿದರೂ ಹೊಸದು ಹಾಗೆಯೇ ಹೊಡೆಯುತ್ತದೆ. ಟರ್ಬೊದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನಲ್ಲಿ ಲೋಟಗಟ್ಟಲೆ ಆಯಿಲ್ ಸೇರಿದ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಸುಟ್ಟುಕೊಂಡು, ಕೀ ಆರಿಸಿದರೂ ನಿಲ್ಲದೆ ವೇಗ ಏರಿಸುತ್ತಾ ಹೋಗಬಹುದು. ಹಾಗಾದರೆ ಬ್ರೇಕನ್ನು ಬಲವಾಗಿ ಒತ್ತಿ, ಅತಿ ಎತ್ತರದ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ನಿಲ್ಲಿಸಬೇಕು. ಗಾಳಿಯ ಬಾಯಿಗೆ ಕೈ ಅಡ್ಡ ಇಡಲೇಬಾರದು.

ಸೀಲ್, ಪ್ಯಾಕಿಂಗ್ ಹಾಕುವಾಗ

ಒತ್ತಡ ಹತೋಟಿಗೆ ಬಂದ ಮೇಲೆ ಕಾರನ್ನು ಒಂದೆರಡು ವಾರ ಓಡಿಸಿ ನೋಡಿ. ಕೆಲವು ಜಿನುಗು ತಾನಾಗಿಯೇ ನಿಲ್ಲುತ್ತದೆ. ನಿಲ್ಲದಿದ್ದಲ್ಲಿ ಮಾತ್ರ ಸೀಲಿಗೆ ಕೈ ಹಾಕಿ. ಟ್ಯಾಪೆಟ್ ಕವರಿನ ತೋಡಿನಿಂದ ಹಳೆಯ ರಬ್ಬರಿನ ಚೂರನ್ನೆಲ್ಲ ತೆಗೆದು, ಎರಡೂ ಮುಖಗಳನ್ನು ಜಿಡ್ಡಿಲ್ಲದಂತೆ ಒರೆಸಿ, ಎರಡು ಭಾಗಗಳು ಕೂಡುವ ಮೂಲೆಗಳಲ್ಲಿ ಮಾತ್ರ ಕಡಲೆಕಾಳಿನಷ್ಟು ಸಿಲಿಕಾನ್ ಪೇಸ್ಟ್ ಹಚ್ಚಬೇಕು. ಸುತ್ತಲೂ ಧಾರಾಳವಾಗಿ ಬಳಿದರೆ ಒಳಕ್ಕೆ ಉಬ್ಬಿದ ಪೇಸ್ಟ್ ತುಂಡಾಗಿ ಆಯಿಲ್ ಜಾಲರಿಗೆ ಸೇರುತ್ತದೆ. ಬೋಲ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ, ಎರಡು ಸುತ್ತಿನಲ್ಲಿ ಬಿಗಿಯಬೇಕು; ಹೆಚ್ಚಿನ ಕಾರುಗಳಿಗೆ 10 ನ್ಯೂಟನ್ ಮೀಟರಿನ ಆಸುಪಾಸು ಸಾಕು. ಇನ್ನಷ್ಟು ಬಿಗಿದರೆ ಸೋರಿಕೆ ನಿಲ್ಲುವ ಬದಲು ಕವರ್ ಡೊಂಕಾಗುತ್ತದೆ.

ಕ್ರ್ಯಾಂಕ್ ಸೀಲ್ ಬದಲಿಸುವಾಗ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿ. ಹಳೆಯ ಸೀಲಿನ ತುಟಿ ಕೊರೆದ ಗೆರೆಗೆ ಉಗುರು ಸಿಕ್ಕಿಕೊಂಡರೆ, ಅಲ್ಲಿಯೇ ಕುಳಿತ ಹೊಸ ಸೀಲೂ ಸೋರುತ್ತದೆ; ತೆಳುವಾದ ಸ್ಟೀಲ್ ಸ್ಲೀವ್ ಏರಿಸುವುದೋ, ಜಾಗವಿದ್ದರೆ ಸೀಲನ್ನು ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸುವುದೋ ಮಾಡಬೇಕು. ಸಾಮಾನ್ಯ ರಬ್ಬರ್ ಸೀಲಿನ ತುಟಿಗೆ ಆಯಿಲ್ ಸವರಿ ಹಾಕಬೇಕು. ಟೆಫ್ಲಾನ್ ತುಟಿಯ ಸೀಲುಗಳನ್ನು ಮಾತ್ರ ಸಾಮಾನ್ಯವಾಗಿ ಒಣ ಶಾಫ್ಟಿನ ಮೇಲೆಯೇ ಕೂರಿಸುತ್ತಾರೆ, ಹಾಗಾಗಿ ಪೊಟ್ಟಣದ ಮೇಲಿನ ಸೂಚನೆಯನ್ನು ಓದಿ. ಗೇರ್‌ಬಾಕ್ಸ್ ಇಳಿಸಿದ್ದರೆ ಕ್ಲಚ್ ಪ್ಲೇಟನ್ನೂ ನೋಡಿಬಿಡಿ. ಆಯಿಲ್ ಕುಡಿದ ಪ್ಲೇಟನ್ನು ಒರೆಸಿ ಹಾಕಿದರೆ ಜಾರುವುದು ನಿಲ್ಲುವುದಿಲ್ಲ.

ಪೇಸ್ಟಿನ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ಆಯಿಲ್ ತುಂಬಿ, ಲೆವೆಲ್ ಪೈಪಿನ ಅಳತೆಯನ್ನು ಮತ್ತೊಮ್ಮೆ ತೆಗೆದು ಕಿಲೋಮೀಟರ್ ಸಹಿತ ಬರೆದಿಡಿ. 500 ಕಿಲೋಮೀಟರ್ ಓಡಿದ ಮೇಲೆ ಅದೇ ಬಿಸಿಯಲ್ಲಿ, ಅದೇ ಆರ್‌ಪಿಎಮ್‌ನಲ್ಲಿ ಇನ್ನೊಮ್ಮೆ ಅಳೆದಾಗ ಅಂಕಿ ಬದಲಾಗದೆ ಇದ್ದರೆ ಮುಂದಿನ ಪರೀಕ್ಷೆಯನ್ನು ಆಯಿಲ್ ಬದಲಿಸುವ ದಿನಕ್ಕೆ ಇಟ್ಟುಕೊಳ್ಳಬಹುದು.